ರಾಕ್ ಸಂಗೀತಗಾರರ ಹುಟ್ಟುಹಬ್ಬ: ನೀವು ಹೇಗೆ ಆಚರಿಸುತ್ತೀರಿ?

ಪ್ರಶ್ನೆ, ಕುವೆಂಪುನಗರ, ಮೈಸೂರು:
ನಾವು ಆರೇಳು ಗೆಳೆಯರು. ಮೆಚ್ಚಿನ ರಾಕ್ ಸಂಗೀತಗಾರರು ಹುಟ್ಟಿದ ದಿನ ಯಾರಾದರೊಬ್ಬರ ಮನೆಯಲ್ಲಿ ಸೇರಬೇಕೆಂದಿದ್ದೇವೆ. ಕೇಕ್ ಕತ್ತರಿಸಿ, ಫೋಟೊ ತೆಗೆದು ಮುಗಿಸುವುದು ಬೇಡ. ನನ್ನದು ಬಾಡಿಗೆ ಮನೆ, ಮಾಲೀಕರು ಮೇಲಿನ ಮಹಡಿಯಲ್ಲೇ ಇದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಸರಸ್ವತಿಪುರಂನಿಂದ:
ಎಲ್ಲರ ಹುಟ್ಟುಹಬ್ಬದ ಬೆನ್ನು ಹತ್ತಬೇಡಿ. ಜನವರಿ 8 ಒಂದೇ ದಿನ ಎಲ್ವಿಸ್ ಪ್ರೀಸ್ಲಿ (1935), ಡೇವಿಡ್ ಬೋವಿ (1947) ಇಬ್ಬರದೂ ಬರುತ್ತದೆ. ಮರುದಿನ ಜಿಮ್ಮಿ ಪೇಜ್. ಹೀಗೆ ಹೊರಟರೆ ಎರಡೇ ತಿಂಗಳಲ್ಲಿ ಉತ್ಸಾಹ ಬತ್ತಿಹೋಗುತ್ತದೆ. ವರ್ಷಕ್ಕೆ ನಾಲ್ಕೈದು ಹೆಸರು ಸಾಕು.

ನಮ್ಮ ಬಳಗಕ್ಕೆ ಸೆಪ್ಟೆಂಬರ್ 5 ದೊಡ್ಡ ದಿನ. ಅಂದು ಶಿಕ್ಷಕರ ದಿನಾಚರಣೆ. ನಮ್ಮ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್ ಅವರ ಜನ್ಮದಿನ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಹುಟ್ಟಿದ್ದೂ ಅದೇ ದಿನಾಂಕದಂದು, 1946ರಲ್ಲಿ, ಜಂಜಿಬಾರ್‌ನ ಪಾರ್ಸಿ ಕುಟುಂಬದಲ್ಲಿ. ಮೂಲ ಹೆಸರು ಫರೋಖ್ ಬುಲ್ಸಾರಾ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ವಸತಿ ಶಾಲೆಯಲ್ಲಿ. ಸಹಪಾಠಿಗಳೊಂದಿಗೆ ಮೊದಲ ತಂಡ ಕಟ್ಟಿ ಪಿಯಾನೊ ನುಡಿಸಿದ್ದೂ ಅಲ್ಲೇ. ಹಾಗಾಗಿ ಆ ದಿನ ನಾವು ನಮ್ಮ ಕೀಬೋರ್ಡ್ ಮೇಷ್ಟರನ್ನೇ ಕರೆದು ಕೂರಿಸಿಕೊಂಡೆವು. ಕ್ವೀನ್ ತಂಡದ ಹಾಡು ‘ಬೊಹೀಮಿಯನ್ ರಾಪ್ಸೊಡಿ’ಯನ್ನು (1975) ಮೊದಲು ಒಮ್ಮೆ ಮಾತಿಲ್ಲದೆ ಪೂರ್ತಿ ಕೇಳಿಸಿದರು. ಆಮೇಲೆ ನಡುವಿನ ಒಪೆರಾ (ಪಾಶ್ಚಾತ್ಯ ಸಂಗೀತ ನಾಟಕ) ಧಾಟಿಯ ಭಾಗವನ್ನು ತುಂಡು ತುಂಡಾಗಿ ಹಾಕಿದರು. ದೊಡ್ಡ ಮೇಳವೇ ಹಾಡಿದಂತಿದೆಯಲ್ಲ, ಹಾಡಿರುವುದು ತಂಡದ ಮೂವರೇ: ಫ್ರೆಡ್ಡಿ, ಬ್ರಿಯಾನ್ ಮೇ, ರೋಜರ್ ಟೇಲರ್. ಅದೇ ಮೂರು ದನಿಗಳನ್ನು ಟೇಪಿನ ಮೇಲೆ ಪದರ ಪದರವಾಗಿ ಮುದ್ರಿಸಿದ್ದಾರೆ. “ಎಲ್ಲಕ್ಕಿಂತ ಮೇಲಿನ ಸ್ಥಾಯಿಯಲ್ಲಿರುವ ದನಿಯನ್ನೊಂದೇ ಹಿಡಿಯಿರಿ, ಅದು ಡ್ರಮ್ಸ್ ನುಡಿಸುವ ಟೇಲರ್ ಅವರದು” ಎಂದು ಮೇಷ್ಟರು ಹೇಳಿದ ಮೇಲೆ, ಎಷ್ಟೋ ವರ್ಷಗಳಿಂದ ಕೇಳುತ್ತಿದ್ದ ಹಾಡು ನಮಗೆ ಹೊಸದಾಗಿಬಿಟ್ಟಿತು. ತಿಳಿದವರೊಬ್ಬರು ಜೊತೆಗಿರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ತಿಂಡಿ ಕೊನೆಗಿರಲಿ. ಮೊದಲೇ ತಟ್ಟೆ ಬಂದರೆ ಹರಟೆಯೇ ಗೆಲ್ಲುತ್ತದೆ.

ಮಂಡ್ಯದಿಂದ:
ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆ. ಮನೆಯ ಹಿರಿಯರನ್ನು ಬಿಟ್ಟು ಮಾಡಬೇಡಿ. ಜನವರಿ 19 ಜಾನಿಸ್ ಜಾಪ್ಲಿನ್ (1943) ಹುಟ್ಟಿದ ದಿನ. ನಮ್ಮ ಮೈಸೂರು ಅನಂತಸ್ವಾಮಿಯವರು (1936) ಹುಟ್ಟಿದ್ದೂ ಅಂದೇ. ನಾಡಗೀತೆಗೆ ಸರ್ಕಾರ ಒಪ್ಪಿದ್ದು ಅವರ ಧಾಟಿಯನ್ನೇ ಅಲ್ಲವೇ? ನಮ್ಮಲ್ಲಿ ಸಂಜೆಯ ಮೊದಲರ್ಧ ಭಾವಗೀತೆ, ಅತ್ತೆಯವರೇ ಮುಂದೆ ನಿಂತು ಹಾಡಿಸುತ್ತಾರೆ. ಉಳಿದರ್ಧ ಜಾಪ್ಲಿನ್. ಆ ಒರಟು ಕಂಠ ಹಿರಿಯರಿಗೆ ಹಿಡಿಸಲಾರದು ಎಂದುಕೊಂಡಿದ್ದೆವು. ಅತ್ತೆಯವರು ಎದ್ದು ಹೋಗದೆ ಕೇಳಿ, “ಈ ಹುಡುಗಿ ಏನನ್ನೂ ಬಚ್ಚಿಟ್ಟುಕೊಳ್ಳದೆ ಹಾಡುತ್ತಾಳೆ” ಎಂದರು. ಆಕೆ 27ನೇ ವಯಸ್ಸಿಗೇ ತೀರಿಕೊಂಡಳೆಂದು ತಿಳಿಸಿದಾಗ ಇನ್ನೊಂದು ಹಾಡು ಹಾಕಿಸಿದರು.

ಜಯಲಕ್ಷ್ಮೀಪುರಂನಿಂದ:
ಬಾಡಿಗೆ ಮನೆಯ ವಿಷಯಕ್ಕೆ ಬರುತ್ತೇನೆ. ಮೇಲಿನವರಿಗೆ ತೊಂದರೆ ಕೊಡುವುದು ಹಾಡಿಗಿಂತ ಹೆಚ್ಚಾಗಿ ಬೇಸ್, ಅಂದರೆ ತಗ್ಗು ಸ್ಥಾಯಿಯ ದಪ್ಪ ಸದ್ದು; ಅದು ಗೋಡೆ, ಚಾವಣಿಗಳ ಮೂಲಕ ಹಾಯುತ್ತದೆ. ಸ್ಪೀಕರನ್ನು ಮೂಲೆಗೆ ತಳ್ಳಬೇಡಿ, ಮೂಲೆಯಲ್ಲಿ ಬೇಸ್ ಇನ್ನಷ್ಟು ಉಬ್ಬುತ್ತದೆ. ಗೋಡೆಯಿಂದ ದೂರಕ್ಕೆ ಒಂದು ಸ್ಟೂಲಿನ ಮೇಲೆ, ಕೆಳಗೆ ಜಮಖಾನ ಮಡಿಸಿ ಹಾಕಿ ಇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ಕಡಿವಾಣವಿದೆ ನಿಜ, ಆದರೆ ನೀವು ಅಲ್ಲಿಯವರೆಗೆ ಎಳೆಯಬೇಡಿ. ಭಾನುವಾರ ಸಂಜೆ 4ಕ್ಕೆ ಶುರುಮಾಡಿ 7ಕ್ಕೆ ಮುಗಿಸಿ. ಹುಟ್ಟಿದ ದಿನ ವಾರದ ನಡುವೆ ಬಂದರೆ ಮುಂದಿನ ಭಾನುವಾರಕ್ಕೆ ಹಾಕಿಕೊಂಡರೂ ನಡೆಯುತ್ತದೆ. ಎರಡು ದಿನ ಮೊದಲೇ ಮಾಲೀಕರ ಮನೆಗೆ ಹೋಗಿ ಹೇಳಿ, ಬರಲೂ ಕರೆಯಿರಿ. ನಮ್ಮ ಮಾಲೀಕರು ಈಗ ತಮ್ಮ ಹಳೆಯ ಕ್ಯಾಸೆಟ್ಟುಗಳನ್ನೂ ಹಿಡಿದು ಕೆಳಗಿಳಿಯುತ್ತಾರೆ.