ಮಾಣಿ, ನಾಯಿಗೆ ಸೀಮೆಎಣ್ಣೆ ಹಚ್ಚಬೇಡ ಮಾರಾಯಾ

ಮಾಣಿ, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಬೆಳಗಿಂದ ಅಡಿಕೆ ಸುಲಿಯುವವರಿಗೆ ಚಾ ಮಾಡುವುದರಲ್ಲೇ ಹೊತ್ತು ಹೋಯಿತು. ಟೈಪ್ ಮಾಡಲು ನನಗೆ ಕೈ ಬರುವುದಿಲ್ಲ, ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುತ್ತಾ ಇದ್ದೇನೆ. ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ.

ಸಂಕ್ರಾಂತಿಗೆ ಸಿರ್ಸಿಗೆ ಬಂದಾಗ ನಿನ್ನ ನಾಯಿ ಟಾಮಿ ಮೂರು ದಿನ ನಮ್ಮ ಸೊಪ್ಪಿನ ಬೆಟ್ಟದಲ್ಲೇ ಬಿದ್ದುಕೊಂಡಿತ್ತು, ಅಲ್ವಾ? ಈಗ ಕಾರವಾರಕ್ಕೆ ಹೋದ ಮೇಲೆ ಕಿವಿ ತುಂಬ ಉಣುಗು (ಉಣ್ಣೆ ಹುಳ), ಎರಡು ದಿನದಿಂದ ಅನ್ನ ಮುಟ್ಟಿಲ್ಲ, ಮೈ ಬಿಸಿ ಅಂತ ಬರೆದಿದ್ದೀಯ. ಭಾವ ಸೀಮೆಎಣ್ಣೆ ಹಚ್ಚು ಅಂದರು, ನೀನು ಮನೆಯಲ್ಲಿರುವ ಜ್ವರದ ಮಾತ್ರೆ ಅರ್ಧ ಕೊಡಲಾ ಅಂತ ಕೇಳಿದ್ದೀಯ. ಭಾವನವರೇ, ಸಿಟ್ಟು ಮಾಡಿಕೊಳ್ಳಬೇಡಿ, ಎರಡೂ ಬೇಡ. ಸೀಮೆಎಣ್ಣೆಗೆ ನಾಯಿಯ ಚರ್ಮ ಸುಡುತ್ತದೆ, ಅದು ಸುಮ್ನೆ ಇರುತ್ತದಾ, ನೆಕ್ಕುತ್ತದೆ, ಹೊಟ್ಟೆಗೂ ಹೋಯಿತು. ಪ್ಯಾರಾಸಿಟಮಾಲ್ ಅಂತೂ ಮುಟ್ಟಲೇಬೇಡ. ನಾಯಿಗೆ ಲಿವರ್ ಹಾಳಾಗುತ್ತದೆ, ಬೆಕ್ಕಿಗಾದರೆ ಅರ್ಧ ಮಾತ್ರೆಯೇ ಜೀವ ತೆಗೆಯಬಹುದು.

ಮತ್ತೆ ಮೈ ಬಿಸಿ ಅಂದೆಯಲ್ಲ, ನಾಯಿಯ ಮೈ ನಮಗೆ ಯಾವಾಗಲೂ ಬಿಸಿಯೇ. ಅದಕ್ಕೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು. ಕೈ ಇಟ್ಟು ಜ್ವರ ಅನ್ನಬೇಡ. ತುಟಿ ಎತ್ತಿ ಒಸಡು ನೋಡು. ಗುಲಾಬಿ ಬಣ್ಣ ಇದ್ದರೆ ಸ್ವಲ್ಪ ಸಮಾಧಾನ. ಸುಣ್ಣದಂತೆ ಬಿಳಚಿದ್ದರೆ, ಅಥವಾ ಉಚ್ಚೆ ಕಪ್ಪು ಕಾಫಿ ಥರ ಬಂದರೆ, ರಾತ್ರಿಯಾದರೂ ಡಾಕ್ಟರಿಗೆ ಫೋನು ಮಾಡು. ಉಣುಗಿನಿಂದ ಬರುವ ಒಂದು ಥರದ ಜ್ವರದಲ್ಲಿ ರಕ್ತವೇ ಒಡೆದು ಹೋಗುತ್ತದೆ, ತಡ ಮಾಡುವ ಕೆಲಸವಲ್ಲ. ಒಸಡು ಚೆನ್ನಾಗಿದ್ದರೂ ಎರಡು ದಿನ ತಿಂದಿಲ್ಲ ಅಂದ ಮೇಲೆ ನಾಳೆ ಬೆಳಿಗ್ಗೆ ಪಶು ಆಸ್ಪತ್ರೆಗೆ ಹೋಗಲೇಬೇಕು. ಉಣುಗು ಹತ್ತಿತ್ತು, ರಕ್ತ ಪರೀಕ್ಷೆ ಮಾಡಿ ಅಂತ ನೀನೇ ಬಾಯಿಬಿಟ್ಟು ಹೇಳು. ಒಂದೊಂದು ಥರದ ಜ್ವರಕ್ಕೆ ಔಷಧಿ ಬೇರೆ ಬೇರೆ. ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರೆ ಅದು ಸಾಮಾನ್ಯವಾಗಿ ನಾಲ್ಕು ವಾರದ್ದು. ನಮ್ಮ ಹಳೆ ನಾಯಿ ಕಾಳು ಹತ್ತು ದಿನಕ್ಕೇ ಅನ್ನ ತಿನ್ನಲು ಶುರು ಮಾಡಿತು ಅಂತ ನಾನು ಮಾತ್ರೆ ನಿಲ್ಲಿಸಿಬಿಟ್ಟೆ. ತಿಂಗಳೊಳಗೆ ಮತ್ತೆ ಮಲಗಿತು.

ಈಗ ತೆಗೆಯುವ ವಿಷಯ. ಹುಬ್ಬಿನ ಕೂದಲು ಕೀಳುವ ಚಿಮಟ ನಿನ್ನ ಹೆಂಡತಿ ಹತ್ತಿರ ಇರುತ್ತದೆ, ಕೇಳಿ ತಗೋ. ಕೈಗೆ ಗ್ಲೌಸ್ ಹಾಕು. ರಕ್ತ ಕುಡಿದ ಉಣುಗು ಹರಳು ಬೀಜದಂತೆ ಉಬ್ಬಿ ನುಣ್ಣಗೆ ಇರುತ್ತದೆ, ಅದರ ಹೊಟ್ಟೆ ಹಿಡಿದು ಎಳೆದರೆ ಒಡೆಯುತ್ತದೆ, ಬಾಯಿ ಚರ್ಮದಲ್ಲೇ ಉಳಿಯುತ್ತದೆ. ಕೂದಲು ಸರಿಸಿ, ಚರ್ಮಕ್ಕೆ ತಾಗಿಸಿ ಬಾಯಿಯ ಹತ್ತಿರ ಹಿಡಿ. ತಿರುಚಬೇಡ, ನೇರಕ್ಕೆ ನಿಧಾನ ಎಳೆ. ಬಂದದ್ದನ್ನು ಸ್ಪಿರಿಟ್ ಇರುವ ಬಾಟಲಿಗೆ ಹಾಕು. ಉಗುರಲ್ಲಿ ಚಟ್ ಅನ್ನಿಸುವ ಚಟ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ, ಅದು ಬೇಡ. ಕಿವಿ ಒಳಗೆ ಮಾತ್ರ ನೋಡಿ ಬಿಡಬೇಡ, ಬೆರಳ ಸಂದಿ, ಕೊರಳ ಪಟ್ಟಿಯ ಅಡಿ, ಕಂಕುಳು, ಬಾಲದ ಬುಡ, ಎಲ್ಲ ಬ್ಯಾಟರಿ ಬಿಟ್ಟು ನೋಡು.

ಮನೆಯನ್ನೂ ನೋಡಬೇಕು. ನಾಯಿಗೆ ಹತ್ತುವ ಕಂದು ಉಣುಗು ಮನೆಯೊಳಗೇ ಸಂಸಾರ ಹೂಡುತ್ತದೆ. ಹೆಣ್ಣು ಕೆಳಗೆ ಉದುರಿ ಗೋಡೆ ಬಿರುಕಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಟಾಮಿಯ ಹಾಸಿಗೆ ಬಿಸಿನೀರಲ್ಲಿ ಒಗೆ, ಮೂಲೆ ಎಲ್ಲ ಗುಡಿಸು. ಆಮೇಲೆ ಉಣುಗಿಗೆ ಅಂತಲೇ ನಾಯಿಯ ತೂಕ ನೋಡಿ ಕೊಡುವ ತಿನ್ನುವ ಮಾತ್ರೆ ಬಂದಿದೆ, ಒಂದು ತಿಂಗಳಿನದು, ಮೂರು ತಿಂಗಳಿನದು ಅಂತ. ಸ್ವಲ್ಪ ದುಬಾರಿ. ಟಾಮಿಗೆ ಮೊದಲು ಯಾವಾಗಾದರೂ ಫಿಟ್ಸ್ ಬಂದಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳು.

ದನದ ಉಣುಗಿನ ಔಷಧಿ ಮಾತ್ರ ತಂದು ಸುರಿಯಬೇಡ. ನಾನೇ ಸುರಿದಿದ್ದೆ. ಕೊಟ್ಟಿಗೆಗೆ ತಂದದ್ದು ಉಳಿದಿತ್ತು, ಅಳತೆ ನೋಡದೆ ಬಕೆಟ್ಟಿಗೆ ಹಾಕಿ ನಾಯಿಗೆ ಮೀಯಿಸಿದೆ. ಅದು ಒಣಗುವ ಮೊದಲೇ ಬೆಕ್ಕು ಹೋಗಿ ಅದರ ಬೆನ್ನಿಗೆ ಒರಗಿ ಮಲಗಿತು. ಮಧ್ಯಾಹ್ನ ನೋಡಿದರೆ ಬೆಕ್ಕಿನ ಕಿವಿ, ಮೀಸೆ ಎಲ್ಲ ಪಟಪಟ ನಡುಗುತ್ತಾ ಇದೆ, ಬಾಯಲ್ಲಿ ಜೊಲ್ಲು. ಪಾತ್ರೆ ಸೋಪಲ್ಲಿ ತೊಳೆದು ಟವೆಲ್ಲಲ್ಲಿ ಸುತ್ತಿ ಡಾಕ್ಟರ ಹತ್ತಿರ ಓಡಿದ್ದು. ಉಳಿಯಿತು ಪುಣ್ಯಕ್ಕೆ. ಆ ಥರದ ಔಷಧಿ ಬೆಕ್ಕಿಗೆ ವಿಷ ಅಂತ ನನಗೆ ಗೊತ್ತಾಗಿದ್ದು ಆವತ್ತೇ.

ಇನ್ನೊಂದು ನಿಮಗೆಲ್ಲ. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆ ನಮ್ಮ ಕಡೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದದ್ದು, ಸಿದ್ದಾಪುರದಲ್ಲಿ 2024ರಲ್ಲೂ ಬಂತು. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಆಗ ಮರಿ ಉಣುಗು ಸಾಸಿವೆಗಿಂತ ಸಣ್ಣ, ಮೈ ಮೇಲಿದ್ದರೂ ಕಾಣುವುದಿಲ್ಲ. ದರಕು (ಒಣಗಿ ಬಿದ್ದ ಎಲೆ) ತಂದು ಕೊಟ್ಟಿಗೆಗೆ ಹಾಸುವಾಗ ಬರುತ್ತದೆ, ಕಾಡು ಸುತ್ತಿದ ನಾಯಿಯ ಮೈ ಮೇಲೂ ಬರುತ್ತದೆ. ಬೆಟ್ಟಕ್ಕೆ ಹೋಗುವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ನೆನೆಸಿ. ಆ ಎಣ್ಣೆ ಮನುಷ್ಯರಿಗೆ, ಅದನ್ನೂ ಟಾಮಿಗೆ ಹಚ್ಚಿಬಿಡಬೇಡ. ಟಾಮಿಯನ್ನು ಅಪ್ಪಿಕೊಂಡು ಮಲಗಿದ ಮಕ್ಕಳ ತಲೆ, ಕಿವಿ ಹಿಂದೆ ಇವತ್ತೇ ನೋಡು. ಯಾರಿಗಾದರೂ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ, ಸಿರ್ಸಿ ಬೆಟ್ಟಕ್ಕೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಿ. ಕಾರವಾರದಲ್ಲಿ ಕೂತವರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಟಾಮಿಯ ಒಸಡಿನ ಫೋಟೋ ಇಲ್ಲಿ ಹಾಕು. ಟ್ಯೂಬ್‌ಲೈಟಿನ ಅಡಿ ತೆಗೆಯಬೇಡ, ಎಲ್ಲವೂ ಬಿಳಿಯೇ ಕಾಣುತ್ತದೆ. ಬಾಗಿಲ ಹತ್ತಿರ ಬೆಳಕಿಗೆ ತಂದು ತೆಗೆ.