ಮೊದಲ ವಾರದಲ್ಲೇ ಕರುಗಳಿಗೆ ಭೇದಿ, ಉಳಿಸೋದು ಹೇಗೆ?

ಮಂಡ್ಯಸೀಮೆ:
ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು, ಒಂದು ಎಮ್ಮೆ. ಹುಟ್ಟುವಾಗ ಕರು ಗಟ್ಟಿಮುಟ್ಟಾಗೇ ಇರುತ್ತೆ. ವಾರ ತುಂಬುವಷ್ಟರಲ್ಲಿ ಹಳದಿ ನೀರುಭೇದಿ, ಕಣ್ಣು ಗುಳಿಬಿದ್ದು ಎರಡೇ ದಿನಕ್ಕೆ ಹೋಗುತ್ತೆ. ಮಾಸು (ಕರು ಹಾಕಿದ ಮೇಲೆ ಬೀಳುವ ಗರ್ಭದ ಚೀಲ) ಬಿದ್ದ ಮೇಲೆ ಗಿಣ್ಣುಹಾಲು ಕುಡಿಸ್ತೀವಿ. ಭೇದಿ ಶುರುವಾದರೆ ಹಾಲು ನಿಲ್ಲಿಸಿ ಬೆಲ್ಲದ ನೀರು. ಇಂಜೆಕ್ಷನ್ನಿಗೂ ಜಗ್ಗಲ್ಲ. ಏನು ಬದಲಾಯಿಸಬೇಕು?

ಕೊಟ್ಟಿಗೆಕಡೆ:
ಮೊದಲು ಮಾಸಿಗೆ ಕಾಯೋದು ಬಿಡಿ. ತಾಯಿಯ ರೋಗನಿರೋಧಕ ಶಕ್ತಿ ಹೊಟ್ಟೆಯೊಳಗೆ ಕರುವಿಗೆ ದಾಟಲ್ಲ, ಗಿಣ್ಣಿನಲ್ಲೇ ಬರಬೇಕು. ಅದನ್ನು ಹೀರುವ ಶಕ್ತಿ ಕರುಳಿಗೆ ಗಂಟೆಗಂಟೆಗೂ ಕುಗ್ಗಿ, 24 ಗಂಟೆಗೆಲ್ಲ ಮುಗಿದಿರುತ್ತೆ. ತೂಕದ ಹತ್ತನೇ ಒಂದು ಪಾಲು ಲೆಕ್ಕ: 30 ಕೆಜಿ ಕರುವಿಗೆ 3 ಲೀಟರ್. ಅದರಲ್ಲಿ ಅರ್ಧ ಪಾಲು ಹುಟ್ಟಿದ ಎರಡು ಗಂಟೆಯೊಳಗೆ, ಉಳಿದದ್ದು 12 ಗಂಟೆಯೊಳಗೆ. ಕೆಚ್ಚಲು ತೊಳೆದು ಕರೆದು ನಿಪ್ಪಲ್ ಬಾಟಲಿಯಲ್ಲಿ ಕೊಡಿ; ತಾಯಿ ಹತ್ರ ಬಿಟ್ಟರೆ ಎಷ್ಟು ಕುಡೀತು ಅಂತ ತಿಳಿಯಲ್ಲ. ಹಾಲು ಕರೆದರೆ ಮಾಸು ಒಳಗೇ ನಿಲ್ಲುತ್ತೆ ಅನ್ನೋದು ಸುಳ್ಳು. ಕರೆದಾಗ ಗರ್ಭಕೋಶ ಹಿಂಡಿಕೊಳ್ಳುತ್ತೆ, ಬೀಳೋಕೆ ಅನುಕೂಲವೇ.

ಹುಟ್ಟಿದ ಕರುವಿನ ಹೊಕ್ಕುಳನ್ನು ಟಿಂಚರ್ ಅಯೋಡಿನ್ನಿನಲ್ಲಿ ಪೂರ್ತಿ ಅದ್ದಬೇಕು; ಬರೀ ಮೇಲೆ ಸವರಿದರೆ ಸಾಲದು.

ಹಸಿರುಹುಲ್ಲು:
ಬೆಲ್ಲ ಬೇಡವೇ ಬೇಡ. ಬೆಲ್ಲ, ಸಕ್ಕರೆ ಎಳೆಗರುವಿಗೆ ಜೀರ್ಣವಾಗಲ್ಲ. ಕರುಳಲ್ಲೇ ಉಳಿದು ನೀರೆಳೆದು ಭೇದಿ ಜಾಸ್ತಿ ಮಾಡುತ್ತೆ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು 1 ಲೀಟರ್, ಗ್ಲೂಕೋಸ್ 40 ಗ್ರಾಂ, ಉಪ್ಪು 5 ಗ್ರಾಂ, ಅಡುಗೆ ಸೋಡಾ 4 ಗ್ರಾಂ. ದಿನಕ್ಕೆ ಮೂರ್ನಾಲ್ಕು ಸಲ, ಒಂದೊಂದು ಲೀಟರ್. ಹಾಲನ್ನೂ ನಿಲ್ಲಿಸಬೇಡಿ, ಸ್ವಲ್ಪಸ್ವಲ್ಪ ಹೆಚ್ಚು ಸಲ ಕೊಡಿ. ಹಾಲಿಗೂ ಈ ನೀರಿಗೂ ನಡುವೆ ಎರಡು ಗಂಟೆ ಬಿಡುವಿರಲಿ. ಸೋಡಾ ಬೆರೆತರೆ ಹೊಟ್ಟೆಯಲ್ಲಿ ಹಾಲು ಸರಿಯಾಗಿ ಒಡೆದು ಗಟ್ಟಿಯಾಗಲ್ಲ. ಈ ವಯಸ್ಸಿನ ಭೇದಿಗೆ ಹಲವು ಸಲ ವೈರಸ್ ಕಾರಣ, ಅದಕ್ಕೆ ಆಂಟಿಬಯೋಟಿಕ್ ನಾಟಲ್ಲ. ಕೊಲ್ಲೋದು ನೀರು ಬತ್ತುವಿಕೆ.

ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ತಕ್ಷಣ ಇಳಿಯದಿದ್ದರೆ, ಬಾಯಿ ತಣ್ಣಗಿದ್ದರೆ, ಚೀಪಲು ಆಗದಿದ್ದರೆ ಡಾಕ್ಟರ ಕೈಲಿ ಡ್ರಿಪ್ ಹಾಕಿಸಿ. ಅಂಥ ಕರುವಿಗೆ ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರಿನ ಕೊಳವೆ) ಸುರಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ.

ಮಂಡ್ಯಸೀಮೆ:
ಎಮ್ಮೆಗರುವಿಗೂ ಇದೇನಾ?

ಕೊಟ್ಟಿಗೆಕಡೆ:
ಇದೇ, ಜೊತೆಗೆ ಜಂತುಹುಳು. ದುಂಡುಹುಳುವಿನ ಮರಿ ತಾಯಿಯ ಹಾಲಲ್ಲೇ ಬರುತ್ತೆ, ಕೊಟ್ಟಿಗೆ ಎಷ್ಟು ಚೊಕ್ಕವಿದ್ದರೂ ತಪ್ಪಲ್ಲ. ಹೊಟ್ಟೆ ಉಬ್ಬಿ, ಮಣ್ಣಿನ ಬಣ್ಣದ ಗಬ್ಬುನಾತದ ಸಗಣಿ ಹಾಕುತ್ತೆ. 10ರಿಂದ 14ನೇ ದಿನದೊಳಗೆ ಪಿಪೆರಜಿನ್ ಅನ್ನೋ ಜಂತಿನ ಔಷಧಿ, ಡೋಸ್ ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ. ಸಗಣಿಯಲ್ಲಿ ರಕ್ತ ಕಂಡರೆ ಜಂತಿನ ಔಷಧಿ ಹಾಕುತ್ತಾ ಕೂರಬೇಡಿ. ಅದು ಕಾಕ್ಸಿಡಿಯಾ (ಕರುಳಿಗೆ ತಗಲುವ ಕಣ್ಣಿಗೆ ಕಾಣದ ಪರಜೀವಿ) ಇರಬಹುದು, ಸಗಣಿ ಪರೀಕ್ಷೆ ಮಾಡಿಸಿ.