ವರ್ಷಾಂತ್ಯದ ರಜೆಗೆ ಹಿಮ ಬೀಳುವ ಕಡೆ ಕಾರಿನಲ್ಲಿ: ಟೈರು, ಬ್ರೇಕು, ಮಂಜಿನ ಬಗ್ಗೆ ಸಲಹೆ ಬೇಕು

ಸ್ಟೆಪ್ನಿ (ಪ್ರಶ್ನೆ):
ಐದು ಜನ, ಡಿಕ್ಕಿ ತುಂಬ ಲಗೇಜು. ಫ್ರಂಟ್ ವೀಲ್ ಡ್ರೈವ್ (ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ), ಮ್ಯಾನುಯಲ್ ಗೇರು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಹೊರಡುವ ಕಡೆ 25 ಡಿಗ್ರಿ, ತಲುಪುವ ಕಡೆ ರಾತ್ರಿ ಮೈನಸ್ 5. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಮದಲ್ಲಿ ಹಿಡಿತ ಜಾಸ್ತಿ ಅಂತಾರೆ, ಹೌದಾ? ಐಸ್ ಮೇಲೆ ಜಾರಿದರೆ ಬ್ರೇಕ್ ಒತ್ತಬೇಕೋ ಬಿಡಬೇಕೋ?

ಗ್ಯಾರೇಜ್ ಮೂಲೆ:
ಗಾಳಿ ಇಳಿಸಲೇಬೇಡಿ. ಇಳಿಸುವ ಕೆಲಸವನ್ನು ಚಳಿಯೇ ಮಾಡುತ್ತೆ. ಸುಮಾರು 5–6 ಡಿಗ್ರಿ ತಣ್ಣಗಾದಂತೆ 1 ಪಿಎಸ್ಐ (ಟೈರಿನ ಗಾಳಿಯ ಒತ್ತಡದ ಅಳತೆ) ಕಡಿಮೆಯಾಗುತ್ತೆ. ಅಂದರೆ ಇಲ್ಲಿ 35 ಹಾಕಿಸಿದ್ದು ಅಲ್ಲಿ ಬೆಳಿಗ್ಗೆ 30ರ ಆಸುಪಾಸು. ಅದರ ಮೇಲೆ ಐದು ಜನರ ಭಾರ ಬೇರೆ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಫುಲ್ ಲೋಡಿಗೆ ಬೇರೆ ಅಂಕಿ ಕೊಟ್ಟಿರ್ತಾರೆ, ಅದನ್ನೇ ಇಟ್ಟುಕೊಳ್ಳಿ. ತಲುಪಿದ ಮರುದಿನ ಗಾಡಿ ಓಡಿಸುವ ಮುಂಚೆ, ಟೈರು ತಣ್ಣಗಿರುವಾಗಲೇ ಮತ್ತೆ ಅಳೆಯಿರಿ.

ಟ್ರೆಡ್ (ಟೈರಿನ ಮೇಲಿನ ಗೀರುಗಳ ಆಳ) 1.6 ಮಿಲಿಮೀಟರಿಗೆ ಬಂದರೆ ಟೈರು ಮುಗಿದಂತೆ. ಹಿಮಕ್ಕೆ ಮಾತ್ರ 4 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಂಬಬೇಡಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತೆ. ಹಿಮದಲ್ಲಿ ಹಿಡಿತಕ್ಕೆ ಟೈರಿಗೆ ಸುತ್ತುವ ಚೈನ್ ಹಾಕುವುದಾದರೆ ನಿಮ್ಮ ಕಾರಿಗೆ ಮುಂದಿನ ಚಕ್ರಗಳಿಗೆ. ಆ ಸೈಜಿಗೆ ಚೈನ್ ಹಾಕಬಹುದೇ ಅಂತ ಮ್ಯಾನುಯಲ್ ನೋಡಿ, ಮನೆಯಲ್ಲೇ ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ. ಹಾಕಿ ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಬಿಗಿ ಮಾಡಿ, ಇಲ್ಲದಿದ್ದರೆ ಸಡಿಲವಾಗಿ ಮಡ್‌ಗಾರ್ಡಿಗೆ ಬಡಿಯುತ್ತೆ.

ವಾಷರ್ ಟ್ಯಾಂಕಿನಲ್ಲಿ ಬರೀ ನೀರಿದ್ದರೆ ಹೆಪ್ಪುಗಟ್ಟುತ್ತೆ, ಚಳಿಗಾಲದ ದ್ರಾವಣ ಹಾಕಿಸಿ. ಎಂಜಿನ್ ತಂಪು ಮಾಡುವ ಕೂಲೆಂಟ್‌ಗೂ ಬರೀ ನೀರು ಸುರಿದಿದ್ದರೆ ಬದಲಾಯಿಸಲೇಬೇಕು.

ಇಳಿಜಾರು:
ಬ್ರೇಕಿನ ವಿಷಯಕ್ಕೆ ಬರ್ತೀನಿ. ಎಬಿಎಸ್ ಇರುವುದರಿಂದ ತುರ್ತಿನಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಕಾಲಡಿ ಗಡಗಡ ಅನ್ನುತ್ತೆ, ಹೆದರಿ ಬಿಡಬೇಡಿ. ಆದರೆ ಎಬಿಎಸ್ ಸ್ಟೀರಿಂಗನ್ನು ನಿಮ್ಮ ಕೈಯಲ್ಲಿ ಉಳಿಸುತ್ತೆ ಅಷ್ಟೇ, ಐಸ್ ಮೇಲೆ ನಿಲ್ಲುವ ದೂರ ಕಡಿಮೆ ಮಾಡಲ್ಲ. ಆ ದೂರ ಒಣ ರಸ್ತೆಯ ಹತ್ತು ಪಟ್ಟಿನವರೆಗೂ ಹೋಗಬಹುದು. ಹಾಗಾಗಿ ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ತಲುಪಲು 8–10 ಸೆಕೆಂಡ್ ಆಗುವಷ್ಟು ಅಂತರ ಬಿಡಿ.

ಹಿಂಭಾಗ ಜಾರಿದರೆ ಆಕ್ಸಿಲರೇಟರ್ ಬಿಡಿ, ಬ್ರೇಕ್ ಮುಟ್ಟಬೇಡಿ, ಹೋಗಬೇಕಾದ ದಿಕ್ಕಿಗೇ ಕಣ್ಣಿಟ್ಟು ಸ್ಟೀರಿಂಗ್ ತಿರುಗಿಸಿ. ಮುಂಭಾಗ ತಿರುಗದೆ ನೇರ ಹೋಗುತ್ತಿದ್ದರೆ ಇನ್ನಷ್ಟು ತಿರುಗಿಸಿದರೆ ಪ್ರಯೋಜನವಿಲ್ಲ. ವೇಗ ಇಳಿಯಲು ಬಿಡಿ, ಆಮೇಲೆ ಟೈರು ಹಿಡಿಯುತ್ತೆ. ಸೇತುವೆ ಕಂಡರೆ ಅದಕ್ಕೆ ಮುಂಚೆಯೇ ನಿಧಾನ ಮಾಡಿ: ಕೆಳಗೂ ಗಾಳಿ ಆಡುವುದರಿಂದ ಅದು ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತೆ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದರೂ ಮುಂದಿನ ಗಾಡಿಯ ಚಕ್ರದಿಂದ ನೀರು ಚಿಮ್ಮದಿದ್ದರೆ ಅದು ಐಸ್ ಎಂದೇ ತಿಳಿಯಿರಿ. ಕ್ರೂಸ್ ಕಂಟ್ರೋಲ್ (ವೇಗವನ್ನು ತಾನೇ ಒಂದೇ ಸಮ ಇಡುವ ಸೌಲಭ್ಯ) ಬೇಡ.

ರಜೆಯ ದಟ್ಟಣೆ ತಪ್ಪಿಸಲು ನಸುಕಿಗೇ ಹೊರಡುವ ಆಸೆ ಆಗುತ್ತೆ. ವಾಪಸ್ ಬರುವಾಗ ಆ ಕೆಲಸ ಬೇಡ. ಸೂರ್ಯ ಹುಟ್ಟುವ ಹೊತ್ತಿಗೇ ರಸ್ತೆ ಅತಿ ತಣ್ಣಗಿರುವುದು.

ಡಿಪ್ಪರ್:
ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ಕಣ್ಣಿಗೇ ಬಡಿಯುತ್ತೆ. ಲೋ ಬೀಮ್, ಫಾಗ್ ಲ್ಯಾಂಪ್ ಸಾಕು. ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸುವುದನ್ನು ದಯವಿಟ್ಟು ಬಿಡಿ. ಎಷ್ಟೋ ಕಾರುಗಳಲ್ಲಿ ಆಗ ಇಂಡಿಕೇಟರ್ ಕೆಲಸ ಮಾಡಲ್ಲ, ನಿಂತಿದ್ದೀರೋ ಹೋಗುತ್ತಿದ್ದೀರೋ ಹಿಂದಿನವರಿಗೆ ತಿಳಿಯಲ್ಲ. ಐದು ಜನರ ಉಸಿರಿಗೆ ಗಾಜು ಬೇಗ ಮಬ್ಬಾಗುತ್ತೆ. ಹೊರಗಿನ ಗಾಳಿ ಒಳಬರುವಂತೆ ಇಟ್ಟು, ಬಿಸಿಗಾಳಿ ಮುಂದಿನ ಗಾಜಿಗೆ ತಿರುಗಿಸಿ ಎಸಿ ಆನ್ ಮಾಡಿ, ಎಸಿ ತೇವ ಹೀರುತ್ತೆ. ಹೆಪ್ಪುಗಟ್ಟಿದ ಗಾಜಿಗೆ ಬಿಸಿನೀರು ಸುರಿದರೆ ಸೀಳಬಹುದು.

ಮಕ್ಕಳಿದ್ದರೆ ದಪ್ಪ ಜಾಕೆಟ್ ಬಿಚ್ಚಿಸಿಯೇ ಬೆಲ್ಟ್ ಹಾಕಿ, ಹೊದಿಕೆ ಮೇಲೆ ಹೊದಿಸಿ. ಡಿಕ್ಕಿಯಾದಾಗ ಜಾಕೆಟ್ ಕುಗ್ಗಿ ಬೆಲ್ಟ್ ಸಡಿಲವಾಗುತ್ತೆ.

ಸ್ಟೆಪ್ನಿ:
ಎಲ್ಲರಿಗೂ ಧನ್ಯವಾದ. ಹಿಮದಲ್ಲಿ ಸಿಕ್ಕಿಕೊಂಡರೆ ಹೀಟರ್‌ಗೆ ಎಂಜಿನ್ ಆನ್ ಇಟ್ಟುಕೊಂಡೇ ಕೂರಬಹುದಾ?

ಗ್ಯಾರೇಜ್ ಮೂಲೆ:
ಮೊದಲು ಇಳಿದು ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಕ್ಕೆ ಬರುತ್ತೆ, ವಾಸನೆ ಇಲ್ಲದ್ದರಿಂದ ಗೊತ್ತೇ ಆಗಲ್ಲ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬೀಸದ ಕಡೆಯ ಕಿಟಕಿ ಸ್ವಲ್ಪ ಇಳಿಸಿರಿ. ಹಿಮ ಬೀಳುತ್ತಲೇ ಇದ್ದರೆ ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ಮತ್ತೆ ಸೈಲೆನ್ಸರ್ ನೋಡಿ. ಯಾರಿಗಾದರೂ ತಲೆನೋವು, ತಲೆಸುತ್ತು ಶುರುವಾದರೆ ತಕ್ಷಣ ಎಂಜಿನ್ ಆಫ್ ಮಾಡಿ ಬಾಗಿಲು ತೆಗೆಯಿರಿ.